ಗಿರಾಕಿ ಕೊಟ್ಟ ಹಣ, ನಿಮ್ಮ ಖಾತೆ, ನಡುವೆ ಯಾರು?

ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಮನೆಯೊಂದು ಸ್ವಂತ ವೆಬ್‌ಸೈಟ್ ತೆರೆದಿದೆ ಎಂದುಕೊಳ್ಳಿ. ಮೈಸೂರಿನ ಗಿರಾಕಿಯೊಬ್ಬರು ರಾತ್ರಿ ಊಟ ಮುಗಿಸಿ ಕಾರ್ಡಿನಲ್ಲಿ 1,500 ರೂಪಾಯಿ ಪಾವತಿಸುತ್ತಾರೆ. ಆ ದುಡ್ಡು ಸಾಗರದ ಬ್ಯಾಂಕ್ ಖಾತೆಗೆ ಬಂದು ಬೀಳುವುದು ಸಾಮಾನ್ಯವಾಗಿ ಒಂದೆರಡು ಕೆಲಸದ ದಿನ ಕಳೆದ ಮೇಲೆ. ಅಷ್ಟು ಹೊತ್ತು ಅದು ಯಾರ ಬಳಿ ಇತ್ತು? ಯಾವ ಅಧಿಕಾರದ ಮೇಲೆ ಇಟ್ಟುಕೊಂಡರು? ಆ ನಡುವೆ ಆ ಸಂಸ್ಥೆಯೇ ಮುಳುಗಿದರೆ ಗತಿಯೇನು? ಪಾವತಿ ಸೇವೆ ಆರಿಸುವಾಗ ಕಮಿಷನ್ ಎಷ್ಟು, ಎಷ್ಟು ಬೇಗ ಶುರು ಮಾಡಿಕೊಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಹಣ ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಕಾನೂನು ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ.

ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರ 4ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಯಾರೂ ಪಾವತಿ ವ್ಯವಸ್ಥೆ ನಡೆಸುವಂತಿಲ್ಲ. ನಡೆಸಿದರೆ 26ನೇ ಸೆಕ್ಷನ್ ಅಡಿ ಜೈಲು, ದಂಡ ಎರಡೂ ಇವೆ. ಈ ಕಾಯ್ದೆಯ ಬಲದಿಂದ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ಮಧ್ಯವರ್ತಿ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿತು. 2025ರ ಸೆಪ್ಟೆಂಬರ್ 15ರಂದು ಅದನ್ನು ಪರಿಷ್ಕರಿಸಿ ಹೊಸ ನಿರ್ದೇಶನ ಕೊಟ್ಟಿತು. ಎರಡರಲ್ಲೂ ಒಂದು ಗೆರೆ ಸ್ಪಷ್ಟ. ಗಿರಾಕಿಯ ಹಣವನ್ನು ತಾನೇ ಪಡೆದು, ಕೂಡಿಟ್ಟು, ಆಮೇಲೆ ವ್ಯಾಪಾರಿಗೆ ದಾಟಿಸುವವರು ಪೇಮೆಂಟ್ ಅಗ್ರಿಗೇಟರ್. ಹಣ ಮುಟ್ಟದೆ, ಹಣ ಹೋಗುವ ದಾರಿಯ ತಂತ್ರಜ್ಞಾನ ಮಾತ್ರ ಒದಗಿಸುವವರು ಪೇಮೆಂಟ್ ಗೇಟ್‌ವೇ. ಮಾರುಕಟ್ಟೆಯಲ್ಲಿ ಎಲ್ಲವನ್ನೂ ಗೇಟ್‌ವೇ ಎಂದೇ ಕರೆಯುತ್ತಾರೆ, ಗೊಂದಲ ಹುಟ್ಟುವುದೇ ಇಲ್ಲಿ. ಅನುಮತಿ ಪತ್ರ ಬೇಕಾದದ್ದು ಅಗ್ರಿಗೇಟರ್‌ಗೆ. ಬ್ಯಾಂಕುಗಳು ಈ ಸೇವೆಯನ್ನು ತಮ್ಮ ಮಾಮೂಲು ವ್ಯವಹಾರದ ಭಾಗವಾಗಿಯೇ ಕೊಡಬಹುದು, ಅವುಗಳಿಗೆ ಪ್ರತ್ಯೇಕ ಅನುಮತಿ ಬೇಡ. ನಿಮ್ಮ ಚಾಲ್ತಿ ಖಾತೆ ಇರುವ ಬ್ಯಾಂಕನ್ನೇ ಮೊದಲು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಅನುಮತಿ ಇದೆಯೋ ಇಲ್ಲವೋ ಎಂದು ತಿಳಿಯಲು ಮಾರಾಟ ಪ್ರತಿನಿಧಿಯ ಮಾತು ಬೇಡ. ಅಧಿಕೃತ ಸಂಸ್ಥೆಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲೇ ಹಾಕಿದೆ. ಹುಡುಕುವಾಗ ಬ್ರ್ಯಾಂಡ್ ಹೆಸರಲ್ಲ, ಒಪ್ಪಂದದಲ್ಲಿ ಸಹಿ ಹಾಕುವ ಕಂಪನಿಯ ನೋಂದಾಯಿತ ಹೆಸರು ಹಾಕಿ. ಎರಡೂ ಬೇರೆ ಇರುವುದು ಸಾಮಾನ್ಯ. ‘ತಾತ್ವಿಕ ಒಪ್ಪಿಗೆ’ ಎಂದಿದ್ದರೆ ಅಂತಿಮ ಅನುಮತಿ ಇನ್ನೂ ಬಂದಿಲ್ಲ ಎಂದರ್ಥ. ಈ ವ್ಯತ್ಯಾಸ ಕಾಗದದ ಮೇಲಿನದಷ್ಟೇ ಅಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ರೇಜರ್‌ಪೇ, ಕ್ಯಾಶ್‌ಫ್ರೀಯಂಥ ದೊಡ್ಡ ಹೆಸರುಗಳೂ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಅಂತಿಮ ಅನುಮತಿ ಸಿಕ್ಕಿ ಮತ್ತೆ ಬಾಗಿಲು ತೆರೆದದ್ದು ಒಂದು ವರ್ಷದ ಮೇಲೆ.

ಅನುಮತಿ ಇರುವ ಕಂಪನಿಯ ಬಳಿ ನಿಮ್ಮ ಹಣ ಹೇಗಿರುತ್ತದೆ? ಅರ್ಜಿ ಹಾಕುವಾಗಲೇ 15 ಕೋಟಿ ರೂಪಾಯಿ ನಿವ್ವಳ ಆಸ್ತಿ ತೋರಿಸಬೇಕು, ಮುಂದೆ ಅದು 25 ಕೋಟಿಗೆ ಏರಬೇಕು. ಅದಕ್ಕಿಂತ ಮುಖ್ಯವಾದದ್ದು ಎಸ್ಕ್ರೋ ಖಾತೆ. ವ್ಯಾಪಾರಿಗಳಿಗೆ ಸೇರಬೇಕಾದ ಹಣವನ್ನು ಕಂಪನಿ ತನ್ನ ಸ್ವಂತ ಹಣದ ಜತೆ ಬೆರೆಸದೆ, ಷೆಡ್ಯೂಲ್ಡ್ ವಾಣಿಜ್ಯ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಕಾಯ್ದೆಯ 23ಎ ಸೆಕ್ಷನ್ ಈ ಖಾತೆಗೆ ಬೇಲಿ ಹಾಕಿದೆ. ಕಂಪನಿ ದಿವಾಳಿಯಾದರೂ ಅಲ್ಲಿರುವ ಹಣದ ಮೇಲೆ ಮೊದಲ ಹಕ್ಕು ಹಣ ಬರಬೇಕಾದವರದ್ದು. ಅವರಿಗೆ ಪೂರ್ತಿ ಕೊಡುವವರೆಗೆ ಲಿಕ್ವಿಡೇಟರ್ ಅದನ್ನು ಬೇರೆಯದಕ್ಕೆ ಬಳಸುವಂತಿಲ್ಲ. ಪರವಾನಗಿ ಇಲ್ಲದವರ ಬಳಿ ಹಣ ಸಿಕ್ಕಿಕೊಂಡರೆ ನೀವು ಸಾಲ ಕೊಟ್ಟವರ ಸಾಲಿನಲ್ಲಿ ಎಲ್ಲರ ಹಿಂದೆ ನಿಲ್ಲಬೇಕಾದೀತು. ಅರ್ಧ ಪರ್ಸೆಂಟ್ ಕಮಿಷನ್ ಉಳಿಸಲು ಈ ಬೇಲಿ ದಾಟುವುದು ನನ್ನ ಲೆಕ್ಕದಲ್ಲಿ ಶುದ್ಧ ದಡ್ಡತನ.

ಇನ್ನು ಶುಲ್ಕ. ಡೆಬಿಟ್ ಕಾರ್ಡಿಗೆ ಬ್ಯಾಂಕುಗಳು ವ್ಯಾಪಾರಿಯಿಂದ ಕತ್ತರಿಸಬಹುದಾದ ಶುಲ್ಕ, ಅಂದರೆ ಎಂಡಿಆರ್‌ಗೆ 2018ರ ಜನವರಿ 1ರಿಂದ ಮಿತಿ ಇದೆ. ಹಿಂದಿನ ಹಣಕಾಸು ವರ್ಷದ ವಹಿವಾಟು 20 ಲಕ್ಷ ರೂಪಾಯಿವರೆಗಿನ ಸಣ್ಣ ವ್ಯಾಪಾರಿಗೆ ಆನ್‌ಲೈನ್ ಪಾವತಿಯಲ್ಲಿ ಶೇ 0.40, ಒಂದು ವಹಿವಾಟಿಗೆ 200 ರೂಪಾಯಿ ಮೀರುವಂತಿಲ್ಲ. ಅದಕ್ಕಿಂತ ದೊಡ್ಡವರಿಗೆ ಶೇ 0.90, ಗರಿಷ್ಠ 1,000 ರೂಪಾಯಿ. ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿಗೆ ಅದೂ ಇಲ್ಲ: ಕಾಯ್ದೆಯ 10ಎ ಸೆಕ್ಷನ್ ಪ್ರಕಾರ ಬ್ಯಾಂಕಾಗಲೀ ಪಾವತಿ ವ್ಯವಸ್ಥೆ ನಡೆಸುವವರಾಗಲೀ ಹಣ ಕೊಡುವವರಿಂದ, ಪಡೆಯುವವರಿಂದ ನೇರವಾಗಿ ಇಲ್ಲವೇ ಪರೋಕ್ಷವಾಗಿ ಏನನ್ನೂ ವಸೂಲಿ ಮಾಡುವಂತಿಲ್ಲ. ಹಾಗಿದ್ದರೆ ಎಲ್ಲಕ್ಕೂ ಶೇ 2 ಎಂಬ ದರಪಟ್ಟಿ ಎಲ್ಲಿಂದ ಬಂತು? ಕಂಪನಿಗಳು ಅದನ್ನು ತಮ್ಮ ವೇದಿಕೆಯ ಸೇವಾ ಶುಲ್ಕ ಎನ್ನುತ್ತವೆ. ಆ ವಾದಕ್ಕೆ ನೀವು ತಲೆಬಾಗಲೇಬೇಕೆಂದಿಲ್ಲ. ಯುಪಿಐ, ಡೆಬಿಟ್, ಕ್ರೆಡಿಟ್, ನೆಟ್ ಬ್ಯಾಂಕಿಂಗ್ ನಾಲ್ಕಕ್ಕೂ ಬೇರೆ ಬೇರೆ ದರ ಬರೆದುಕೊಡಿ ಎಂದು ಇಮೇಲಿನಲ್ಲಿ ಕೇಳಿ. ಕೇಳಿದವರಿಗೆ ಬಹಳ ಸಲ ಇಳಿಸುತ್ತಾರೆ. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವುದು ಮಾತ್ರ ನಿಮಗೂ ನಿಷಿದ್ಧ.

ಸಾಗರದ 1,500 ರೂಪಾಯಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಕ್ರೆಡಿಟ್ ಕಾರ್ಡ್, ಶೇ 2 ಶುಲ್ಕ ಎಂದರೆ 30 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ 5 ರೂಪಾಯಿ 40 ಪೈಸೆ ಹಿಡಿದು, ಖಾತೆಗೆ 1,464.60 ಜಮಾ ಮಾಡಿದ್ದಾರೆ. ಇಲ್ಲೊಂದು ಪ್ರಶ್ನೆ ಎತ್ತಬಹುದು. ಕಾರ್ಡಿನಲ್ಲಿ ಒಂದು ಸಲಕ್ಕೆ 2,000 ರೂಪಾಯಿವರೆಗಿನ ಮೊತ್ತವನ್ನು ಇತ್ಯರ್ಥ ಮಾಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಅಗ್ರಿಗೇಟರ್‌ಗಳಿಗೂ ಇದು ಅನ್ವಯ ಎಂದು 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ ಸ್ಪಷ್ಟಪಡಿಸಿತು. ಹಣ ಮುಟ್ಟದ ಬರೀ ಗೇಟ್‌ವೇಗಳಿಗೆ ಈ ವಿನಾಯಿತಿ ಇಲ್ಲ. ತಿಂಗಳ ಕೊನೆಗೆ ಬರುವ ಶುಲ್ಕದ ಇನ್‌ವಾಯ್ಸ್ ತೆರೆದು ಸಣ್ಣ ಆರ್ಡರುಗಳ ಮೇಲೂ ತೆರಿಗೆ ಹಾಕಿದ್ದಾರೆಯೇ, ಹಾಕಿದ್ದರೆ ಯಾವ ಸೇವೆಯ ಹೆಸರಿನಲ್ಲಿ ಎಂದು ನೋಡಿ. ಐದು ರೂಪಾಯಿ ಅನಿಸಬಹುದು, ವರ್ಷದ ಆರ್ಡರುಗಳಿಗೆ ಗುಣಿಸಿ.

ಭದ್ರತೆಯ ಮಾತಿನಲ್ಲಿ ಸಣ್ಣ ವ್ಯಾಪಾರಿ ನೆನಪಿಡಬೇಕಾದ್ದು ಕಡಿಮೆ, ಆದರೆ ಗಟ್ಟಿ. ಕಾರ್ಡ್ ನಂಬರು ನಿಮ್ಮ ಬಳಿ ಇರಕೂಡದು. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ ಪೂರ್ತಿ ನಂಬರನ್ನು ಉಳಿಸಿಕೊಳ್ಳುವಂತಿಲ್ಲ. ಲೆಕ್ಕ ತಾಳೆ ಮಾಡಲು ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು ಸಾಕು. ಮತ್ತೆ ಕೊಳ್ಳುವ ಗಿರಾಕಿಗಾಗಿ ನಂಬರಿನ ಬದಲು ಟೋಕನ್ ಬಳಸುವ ವ್ಯವಸ್ಥೆ ಇದೆ. ಆದ್ದರಿಂದ ಪಾವತಿಯ ಹೊತ್ತಿಗೆ ಗಿರಾಕಿಯನ್ನು ಅಗ್ರಿಗೇಟರ್‌ನ ಸ್ವಂತ ಪುಟಕ್ಕೆ ಕರೆದೊಯ್ಯುವ ವಿಧಾನವನ್ನೇ ಆರಿಸಿಕೊಳ್ಳಿ, ಆಗ ನಂಬರು ನಿಮ್ಮ ಸರ್ವರನ್ನು ಹಾಯುವುದೇ ಇಲ್ಲ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ನಮ್ಮ ಪುಟದಲ್ಲೇ ಕಾರ್ಡ್ ಫಾರ್ಮ್ ಹಾಕೋಣ, ಚಂದ ಕಾಣುತ್ತೆ’ ಎಂದರೆ ಬೇಡ ಅನ್ನಿ. ಪಿಸಿಐ ಡಿಎಸ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಹೊರೆ ನಿಮ್ಮ ತಲೆಗೆ ಬರುತ್ತದೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎಟಿಎಂ ಪಿನ್ ಕೇಳುವ ಪುಟ ಕಂಡರೆ ಅದು ನಿಯಮಬಾಹಿರ. ‘ಪಾವತಿ ಯಶಸ್ವಿ’ ಎಂಬ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಅಥವಾ ಬ್ಯಾಂಕ್ ಖಾತೆಯಲ್ಲಿ ಕಂಡದ್ದೇ ಹಣ.

ಒಪ್ಪಂದ ಓದುವುದು ಬೇಸರದ ಕೆಲಸ. ಎಲ್ಲವನ್ನೂ ಓದಲಾಗದಿದ್ದರೂ ಮೂರು ಕಡೆ ಕಣ್ಣು ಹಾಯಿಸದೆ ‘ಒಪ್ಪುತ್ತೇನೆ’ ಒತ್ತಬೇಡಿ. ಹಣ ಎಷ್ಟು ದಿನದಲ್ಲಿ ಕೊಡುತ್ತಾರೆ, ಯಾವ ಕಾರಣಕ್ಕೆ ಎಷ್ಟು ಕಾಲ ತಡೆಹಿಡಿಯಬಹುದು ಎಂಬುದು ಒಂದು. ‘ನಮ್ಮ ವಿವೇಚನೆಯಂತೆ’ ಎಂದಷ್ಟೇ ಬರೆದಿದ್ದರೆ ಗರಿಷ್ಠ ಅವಧಿ ಕೇಳಿ. ಚಾರ್ಜ್‌ಬ್ಯಾಕ್ ಇನ್ನೊಂದು: ಗಿರಾಕಿ ತನ್ನ ಬ್ಯಾಂಕಿಗೆ ದೂರಿತ್ತು ಹಣ ವಾಪಸ್ ಎಳೆದಾಗ, ನಿಮ್ಮ ಕಡೆಯ ದಾಖಲೆ ಒದಗಿಸಲು ಎಷ್ಟು ದಿನ ಕೊಡುತ್ತಾರೆ? ಗಡುವು ಸಾಮಾನ್ಯವಾಗಿ ಚಿಕ್ಕದು. ಬಿಲ್ಲು, ಕೊರಿಯರ್‌ನವರ ಡೆಲಿವರಿ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಆರ್ಡರಿನ ಜತೆಗೇ ಇಟ್ಟುಕೊಂಡಿರದಿದ್ದರೆ ಆ ಗಡುವಿನೊಳಗೆ ಹುಡುಕಿ ಪೂರೈಸಲಾಗದು. ಮೂರನೆಯದು ವ್ಯಾಜ್ಯದ ಕಲಮು. ಮಧ್ಯಸ್ಥಿಕೆದಾರರನ್ನು ಕಂಪನಿಯೇ ನೇಮಿಸುತ್ತದೆ, ನ್ಯಾಯವ್ಯಾಪ್ತಿ ದೂರದ ಊರು ಎಂದು ಅಲ್ಲಿ ಬರೆದಿರುತ್ತಾರೆ. ವಿವಾದದ ಒಂದು ಪಕ್ಷಕಾರರು ತಮಗೆ ಬೇಕಾದ ಒಬ್ಬರನ್ನೇ ಏಕಪಕ್ಷೀಯವಾಗಿ ಮಧ್ಯಸ್ಥಿಕೆದಾರರನ್ನಾಗಿ ಕೂರಿಸುವುದನ್ನು ಸುಪ್ರೀಂ ಕೋರ್ಟ್ 2019ರಿಂದೀಚೆಗೆ ಒಪ್ಪಿಲ್ಲ ಎಂಬುದು ಗೊತ್ತಿದ್ದರೆ ಸಾಕು, ಆ ಕಲಮು ಕಂಡು ಹೆದರಬೇಕಿಲ್ಲ.

ಹಕ್ಕು ಕೇಳುವ ವ್ಯಾಪಾರಿಗೆ ಕರ್ತವ್ಯವೂ ಉಂಟು. ಸ್ವಂತ ಸರಕನ್ನು ಸ್ವಂತ ಸೈಟಿನಲ್ಲಿ ಮಾರುವವರು ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ವ್ಯಾಪ್ತಿಗೆ ಬರುತ್ತಾರೆ. ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಸೈಟಿನಲ್ಲಿ ಇರಬೇಕು. ಮನೆ ವ್ಯಾಪಾರದಲ್ಲಿ ಆ ಅಧಿಕಾರಿ ನೀವೇ. ದೂರು ಬಂದದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಪಾವತಿ ವಿಧಾನಗಳು, ಅವುಗಳ ಭದ್ರತೆ, ಶುಲ್ಕ, ಚಾರ್ಜ್‌ಬ್ಯಾಕ್ ಅವಕಾಶ, ಪಾವತಿ ಸೇವಾ ಸಂಸ್ಥೆಯ ಸಂಪರ್ಕ ವಿವರವನ್ನೂ ಹಾಕಬೇಕು. ರೀಫಂಡ್ ಹಣ ಬಂದ ದಾರಿಯಲ್ಲೇ ಹಿಂತಿರುಗಬೇಕು. ಗಿರಾಕಿ ಒಪ್ಪದೆ ‘ವಾಲೆಟ್‌ಗೆ ಹಾಕುತ್ತೇವೆ, ಕೂಪನ್ ಕೊಡುತ್ತೇವೆ’ ಎನ್ನುವಂತಿಲ್ಲ. ಗಿರಾಕಿಯ ಖಾತೆಯಿಂದ ಹಣ ಹೋಗಿ ನಿಮ್ಮಲ್ಲಿ ಆರ್ಡರ್ ಖಚಿತವಾಗದೆ ಉಳಿದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ. ಕೋಪದಿಂದ ಫೋನ್ ಮಾಡುವ ಗಿರಾಕಿಗೆ ಇದನ್ನು ಹೇಳಿದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಆನ್‌ಲೈನಿನಲ್ಲಿ ಬಂದ ಪ್ರತಿ ರೂಪಾಯಿಗೂ ಗುರುತು ಉಳಿಯುತ್ತದೆ. 2025ರ ಜುಲೈನಲ್ಲಿ ಯುಪಿಐ ಮಾಹಿತಿ ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ನೇತಾಡಿದ್ದು ಎಲ್ಲರಿಗೂ ನೆನಪಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ಆಗ ಮನೆಮಾತಾಯಿತು. ವೆಬ್‌ಸೈಟ್ ಇಟ್ಟವರು ಇದನ್ನೇ ನಂಬಿ ಕೂರಬಾರದು. ತೆರಿಗೆ ಇರುವ ಸರಕನ್ನು ರಾಜ್ಯದ ಹೊರಗೆ ಕಳಿಸಿದರೆ ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ಕೆಲವು ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ಮೈಸೂರಿಗೆ ಹೋದ ಭರಣಿ ಸರಿ, ಗಡಿಯಾಚೆಯ ಹೊಸೂರಿಗೆ ಹೋದದ್ದು ಬೇರೆ ಲೆಕ್ಕ. ನೋಂದಣಿ ಆಗುವವರೆಗೆ ಸೈಟಿನಲ್ಲಿ ಕರ್ನಾಟಕದ ಪಿನ್‌ಕೋಡುಗಳಿಗೆ ಮಾತ್ರ ಆರ್ಡರ್ ತೆಗೆದುಕೊಳ್ಳುವಂತೆ ಕಟ್ಟಿಹಾಕಬಹುದು.

ಈಗ ಎಲ್ಲಕ್ಕಿಂತ ಹೆಚ್ಚು ಕಂಗಾಲು ಮಾಡುವ ಸಂಗತಿ. ಯಾರೋ ವಂಚಕ ಕದ್ದ ಹಣದಲ್ಲಿ ನಿಮ್ಮಿಂದ ಸರಕು ಕೊಂಡಿರುತ್ತಾನೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ. ಹಣ ಹರಿದ ದಾರಿ ಹಿಡಿದು ಬಂದು, ಒಂದು ಬೆಳಿಗ್ಗೆ ನಿಮ್ಮ ಖಾತೆಯೇ ಸ್ಥಗಿತ. ಬ್ಯಾಂಕಿನವರು ‘ಪೊಲೀಸರನ್ನು ಕೇಳಿ’ ಎನ್ನುತ್ತಾರೆ. ಬಾಯಿಮಾತಿಗೆ ನಿಲ್ಲಬೇಡಿ. ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ ಎಷ್ಟು ಎಂದು ಬರಹದಲ್ಲಿ ಕೇಳಿ. ಇಡೀ ಖಾತೆ ಬೇಡ, ಆ ಮೊತ್ತಕ್ಕಷ್ಟೇ ತಡೆ ಇರಲಿ ಎಂದು ಬ್ಯಾಂಕಿಗೂ ತನಿಖಾಧಿಕಾರಿಗೂ ಬಿಲ್ಲು, ಕೊರಿಯರ್ ದಾಖಲೆ ಸಮೇತ ಮನವಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಅಡಿ ಜಪ್ತಿ ಮಾಡಿದ ಪೊಲೀಸರು ಅದನ್ನು ಮ್ಯಾಜಿಸ್ಟ್ರೇಟರಿಗೆ ತಡಮಾಡದೆ ವರದಿ ಮಾಡಬೇಕು. ಖಾತೆ ಬಿಡಿಸಿಕೊಡಿ ಎಂದು 503ನೇ ಸೆಕ್ಷನ್ ಅಡಿ ನೀವು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಹೊರರಾಜ್ಯದ ಠಾಣೆಯಾದರೆ ಓಡಾಟ ತಪ್ಪಿದ್ದಲ್ಲ. ಇದೇ ಕಾರಣಕ್ಕೆ ವೆಬ್‌ಸೈಟಿನ ಹಣ ಬೀಳುವ ಖಾತೆಯನ್ನು ಮನೆಖರ್ಚಿನ ಖಾತೆಯಿಂದ ಬೇರೆಯಾಗಿಯೇ ಇಡಿ.

ಪಾವತಿ ಸಂಸ್ಥೆಯೇ ಹಣ ಕೊಡದೆ ಸತಾಯಿಸಿದರೆ ಮೊದಲು ಅದರ ನೋಡಲ್ ಅಧಿಕಾರಿಗೆ ಬರಹದ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಅದರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ, ಮಾಹಿತಿಗೆ 14448. ಕಂಪನಿಯ ವಾಣಿಜ್ಯ ತೀರ್ಮಾನಗಳನ್ನು, ಉದಾಹರಣೆಗೆ ನಿಮಗೆ ಹೇಳಿದ ದರ ಹೆಚ್ಚಾಯಿತು ಎಂಬುದನ್ನು, ಓಂಬುಡ್ಸ್‌ಮನ್ ವಿಚಾರಿಸುವುದಿಲ್ಲ. ಸೇವೆಯ ಲೋಪವನ್ನೇ ಮುಂದಿಟ್ಟು ಬರೆಯಿರಿ. ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ. ವ್ಯಾಪಾರಕ್ಕೆ ಸೇವೆ ಪಡೆದವರು ಗ್ರಾಹಕರೇ ಅಲ್ಲ ಎಂದು ಕಂಪನಿ ಅಲ್ಲಿ ಖಂಡಿತ ವಾದಿಸುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಸೆಕ್ಷನ್ನಿನ ವಿವರಣೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರನ್ನು ಹೊರಗಿಟ್ಟಿಲ್ಲ. ಮನೆಮಂದಿಯೇ ಕೂತು ಮಾವಿನಮಿಡಿ ಹದ ಮಾಡುವ ವ್ಯಾಪಾರ ಎಂದು ದೂರಿನ ಮೊದಲ ಪುಟದಲ್ಲೇ ಬರೆದು, ಉದ್ಯಮ್ ನೋಂದಣಿ ಪತ್ರ ಲಗತ್ತಿಸಿ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಸಾಗರದವರಾದರೆ ಶಿವಮೊಗ್ಗಕ್ಕೆ ಹೋದರಾಯಿತು, ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಿದರೆ ಮೊದಲ ದಿನ ಅದೂ ಬೇಡ.