ಮೂರು ಬಾಟಲಿ, ಒಂದೇ ಅಂಕಿ

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಟೀಮಿನಲ್ಲಿ ಜಗಳ ಎದ್ದರೆ ದೊಡ್ಡವರು ಹೇಳುವುದು ಒಂದೇ ಮಾತು: ‘ಅಡ್ಜಸ್ಟ್ ಮಾಡ್ಕೊಂಡು ಹೋಗ್ರಪ್ಪ.’ ನಮ್ಮ ಟೀಮ್ ಲೀಡರ್ ಆ ಮಾತಿಗೆ ಒಪ್ಪಲಿಲ್ಲ. ಅವಳು ಒಪ್ಪದಿದ್ದುದೇ ನಮ್ಮ ಟೀಮನ್ನು ಉಳಿಸಿತೆಂದು ಇವತ್ತಿಗೂ ನಂಬಿದ್ದೇನೆ.

ನಾವು ನಾಲ್ವರು, ಸಿವಿಲ್ ವಿಭಾಗ. ಆರಿಸಿಕೊಂಡ ವಿಷಯ ಪಾವಗಡ ತಾಲ್ಲೂಕಿನ ಕೊಳವೆಬಾವಿಗಳಲ್ಲಿರುವ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಎನ್ನುತ್ತದೆ ಭಾರತೀಯ ಮಾನಕ. ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಕಲೆ ಜೀವನಪೂರ್ತಿ ಹೋಗುವುದಿಲ್ಲ. ನಮ್ಮ ಅಂಕಿ ತಪ್ಪಾದರೆ ಒಂದು ಊರಿಗೇ ತಪ್ಪು ಹೇಳಿದ ಹಾಗೆ.

ಒಬ್ಬ ಬಸ್ಸು ಹಿಡಿದು ಊರೂರು ಅಲೆದು ನೀರು ತರುತ್ತಿದ್ದ. ಒಬ್ಬಳು ಲ್ಯಾಬಿನಲ್ಲಿ ಸ್ಪ್ಯಾಡ್ನ್ಸ್ ವಿಧಾನದಲ್ಲಿ ಪರೀಕ್ಷಿಸುತ್ತಿದ್ದಳು. ಅದರಲ್ಲಿ ಕೆಂಪು ರಿಯೇಜೆಂಟ್ ಬೆರೆಸುತ್ತಾರೆ. ಫ್ಲೋರೈಡ್ ಇದ್ದಷ್ಟೂ ಬಣ್ಣ ಮಾಸುತ್ತದೆ. ಮೂರು ಊರಿನ ಬಾಟಲಿಗಳಿಗೆ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ‘ಒಂದೇ ಬೋರ್ ನೀರನ್ನ ಮೂರಕ್ಕೂ ತುಂಬ್ಕೊಂಡು ಬಂದಿದಾನೆ’ ಎಂದಳು ಇವಳು. ‘ಒಂದನ್ನ ಟೆಸ್ಟ್ ಮಾಡಿ ಮೂರು ಸಲ ಬರ್ಕೊಂಡಿದಾಳೆ’ ಎಂದ ಅವನು. ಇಬ್ಬರ ನಡುವೆ ಮಾತು ನಿಂತಿತು.

ಇಂಥ ಅನುಮಾನವನ್ನು ಯಾರಾದರೂ ಅಡ್ಜಸ್ಟ್ ಮಾಡಿಕೊಳ್ಳುವುದು ಹೇಗೆ? ಬಾಯಿ ಮುಚ್ಚಿಕೊಳ್ಳಬಹುದು, ಅಷ್ಟೇ. ಒಳಗೆ ಅದು ಕುದಿಯುತ್ತಲೇ ಇರುತ್ತದೆ.

ಲೀಡರ್ ಯಾರು ಸುಳ್ಳು ಹೇಳಿದರೆಂದು ಕೇಳಲೇ ಇಲ್ಲ. ಇಬ್ಬರನ್ನೂ ಲ್ಯಾಬಿಗೆ ಕರೆದು ಪಿಪೆಟ್ಟನ್ನು ಅವನ ಕೈಗೆ ಕೊಟ್ಟಳು, ಹೇಳಿಕೊಡಲು ಇವಳನ್ನು ಪಕ್ಕದಲ್ಲಿ ನಿಲ್ಲಿಸಿದಳು, ಮ್ಯಾನ್ಯುಯಲ್ ತೆರೆದಿಟ್ಟಳು. ಕಾರಣ ಅಲ್ಲೇ ಇತ್ತು. ಈ ವಿಧಾನವನ್ನು ನಂಬಬಹುದಾದದ್ದು ಸುಮಾರು 1.4 ಮಿಲಿಗ್ರಾಂವರೆಗೆ. ಅದಕ್ಕಿಂತ ತೀರ ಹೆಚ್ಚಿದ್ದರೆ ಬಣ್ಣ ಮತ್ತಷ್ಟು ಮಾಸದೆ ಎಲ್ಲ ನೀರೂ ಒಂದೇ ಥರ ಕಾಣುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳುಮಾಡಿ ಅಳೆದು, ಬಂದದ್ದನ್ನು ಗುಣಿಸಿದಾಗ ಮೂರೂ ಅಂಕಿ ಬೇರೆಬೇರೆಯಾದವು. ಮೂರೂ ಮಿತಿ ದಾಟಿದ್ದವು. ಇಬ್ಬರಲ್ಲಿ ಯಾರೂ ಮೋಸ ಮಾಡಿರಲಿಲ್ಲ.

ಆಮೇಲೆ ಅವಳು ಯಾರ ಕೈಯಲ್ಲೂ ಸಾರಿ ಹೇಳಿಸಲಿಲ್ಲ. ಅದೇ ಸರಿ ಎಂದು ನನಗೆ ಆಗಲೇ ಅನ್ನಿಸಿತ್ತು. ಒತ್ತಾಯಕ್ಕೆ ಹೇಳಿದ ಸಾರಿ ಮತ್ತೊಂದು ಜಗಳಕ್ಕೆ ಬೀಜ. ಅದರ ಬದಲು ಪ್ರತಿ ಬಾಟಲಿಯ ಚೀಟಿಯ ಮೇಲೆ ತಂದವರ ಸಹಿ, ಅಳೆದವರ ಸಹಿ ಎರಡೂ ಇರಬೇಕೆಂದಳು. ಲ್ಯಾಬಿನವಳು ಊರುಗಳಿಗೂ ಹೋಗಬೇಕು, ನೀರು ತರುವವನು ಪರೀಕ್ಷೆಗೂ ಕೂರಬೇಕು ಎಂದಳು. ಮೊದಮೊದಲು ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಹೋಗಿಬಂದರು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಡೈಲ್ಯೂಷನ್ ಬಗ್ಗೆ ಬಿಡದೆ ಕೆದಕಿದರು. ಉತ್ತರ ಕೊಟ್ಟವನು ನೀರು ಹೊತ್ತು ತಂದವನು. ಯಾವ ಬೋರಿನ ನೀರನ್ನು ಜನ ಕುಡಿಯಲು ಒಯ್ಯುತ್ತಾರೆ, ಯಾವುದು ದನಕರುಗಳಿಗೆ ಮಾತ್ರ ಎಂದು ಒಂದೊಂದಾಗಿ ವಿವರಿಸಿದವಳು ಲ್ಯಾಬಿನವಳು.