ಬಾಗಿಲಲ್ಲಿ ಹೆಸರು ಕೇಳಬೇಡಿ

ನಮ್ಮ ಮನೆಯಲ್ಲಿ ಮಡಿ ಇವತ್ತಿಗೂ ಇದೆ. ತಿಥಿಯ ದಿನ ಹೊರಗಿನವರು ಅಡುಗೆಮನೆಗೆ ಕಾಲಿಡುವುದಿಲ್ಲ. ಅದರಲ್ಲಿ ನನಗೂ ನಂಬಿಕೆಯಿದೆ. ಆದರೆ ಆ ನಂಬಿಕೆಯ ಭಾರವನ್ನು ಸಿಲಿಂಡರ್ ಹೊತ್ತು ತರುವವರ ತಲೆಗೆ ಕಟ್ಟಕೂಡದು. ಹೀಗೆಂದಿದ್ದಕ್ಕೆ ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅಪ್ಪನ ತಿಥಿ. ಪಾಯಸ ಒಲೆಯ ಮೇಲಿರುವಾಗಲೇ ಗ್ಯಾಸ್ ಖಾಲಿಯಾಯಿತು. ಬುಕ್ ಮಾಡಿದ್ದ ಸಿಲಿಂಡರ್ ಪುಣ್ಯಕ್ಕೆ ಅದೇ ಹೊತ್ತಿಗೆ ಬಂತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಳಗಿನ ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿದರೆ 30 ಕೆಜಿಯ ಹತ್ತಿರ. ತಂದವರು ಐವತ್ತರ ಆಸುಪಾಸಿನವರು. ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತು, “ಏನಯ್ಯಾ ನಿನ್ನ ಹೆಸರು?” ಎಂದರು. ಅವರು ಹೇಳಿದರು.

“ಅಲ್ಲೇ ಮೆಟ್ಟಿಲ ಹತ್ರ ಇಡು. ಈಚೆ ಬರಬೇಡ.”

“ಇಡ್ತೀನಿ ಸರ್. ತೂಕ ತೋರಿಸಿ, ಲೀಕ್ ನೋಡಿ ಕೊಡ್ಬೇಕು, ರೂಲ್ಸ್ ಇದೆ.”

“ಏನೂ ಬೇಡ, ಮುಟ್ಟಬೇಡ ಅಂದ್ನಲ್ಲ!”

ಅವರು ಕದಲಲಿಲ್ಲ. ಚಿಕ್ಕಪ್ಪ ಏಜೆನ್ಸಿಗೇ ಫೋನ್ ಮಾಡಿ, ಮುಂದಿನ ಸಲ ನಮ್ಮವರನ್ನು ಕಳಿಸಿ ಎಂದರು. ಅಲ್ಲಿಯ ಮ್ಯಾನೇಜರ್ ಮರುಮಾತಿಲ್ಲದೆ ಒಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಸಿಲಿಂಡರ್ ತಂದವರ ಫೋನ್ ಹೊಡೆದುಕೊಂಡಿತು. ಅವರು ಗೋಡೆಯ ಕಡೆ ತಿರುಗಿ, “ಆಯ್ತು ಸರ್, ತಪ್ಪಾಯ್ತು ಸರ್” ಎನ್ನುತ್ತಿದ್ದರು. ಅಂಗಿ ಬೆನ್ನಿಗಂಟಿತ್ತು. ಹೆಗಲ ಮೇಲೆ ಮಡಿಸಿಟ್ಟಿದ್ದ ಗೋಣಿಯ ತುಂಡು ಹಾಗೇ ಇತ್ತು. ಯಾವ ತಪ್ಪು? ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಫೋನ್ ಈಸಿಕೊಂಡು, ಇವರದೇನೂ ತಪ್ಪಿಲ್ಲ, ಮುಂದೆಯೂ ಇವರೇ ಬರಲಿ ಎಂದೆ. 2019ರಲ್ಲಿ ಜಬಲ್‌ಪುರದ ಗ್ರಾಹಕರೊಬ್ಬರು ಊಟ ತರುವವನ ಧರ್ಮ ನೋಡಿ ಬೇರೆಯವನನ್ನು ಕಳಿಸಿ ಎಂದಾಗ ಜೊಮ್ಯಾಟೊ ಒಪ್ಪಲಿಲ್ಲ, ಕಂಪನಿಯ ಮುಖ್ಯಸ್ಥರೇ ಬಹಿರಂಗವಾಗಿ ಅವನ ಪರ ನಿಂತರು. ನಮ್ಮ ಮ್ಯಾನೇಜರಿಗೆ ಅಷ್ಟೂ ಆಗಲಿಲ್ಲ.

ಸಿಲಿಂಡರ್ ತಂದವರು ಅಲ್ಲೇ ಮೆಟ್ಟಿಲ ಬಳಿ ತಕ್ಕಡಿಯ ಕೊಕ್ಕೆಗೆ ಸಿಲಿಂಡರ್ ತೂಗುಹಾಕಿದರು. ಸೀಲ್ ಕಿತ್ತು, ಮುಚ್ಚಳ ತೆಗೆದು, ವಾಲ್ವ್‌ಗೆ ನಾಲ್ಕು ಹನಿ ನೀರು ಬಿಟ್ಟು ಬಗ್ಗಿ ನೋಡಿದರು. ಗುಳ್ಳೆ ಏಳಲಿಲ್ಲ. “ನೋಡಿದ್ಯಾ, ಏನೂ ಇರಲಿಲ್ಲ” ಎಂದರು ಚಿಕ್ಕಪ್ಪ. ಇಲ್ಲ ಎಂದು ಖಾತ್ರಿ ಮಾಡಿಕೊಡುವುದೇ ಅವರ ಕೆಲಸವಲ್ಲವೇ? ಚಿಕ್ಕಮ್ಮ ನೀರು ಕೊಡಲು ಪೇಪರ್ ಲೋಟ ಹುಡುಕುತ್ತಿದ್ದರು. ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ ನಾನು ತಂದುಕೊಟ್ಟೆ. ಕುಡಿದು, ಮೊಬೈಲಿಗೆ ಬಂದಿದ್ದ ಕೋಡ್ ಕೇಳಿಕೊಂಡು, ಖಾಲಿ ಸಿಲಿಂಡರ್ ಹೊತ್ತು ಇಳಿದುಹೋದರು.

ಆಚಾರ ಇಟ್ಟುಕೊಂಡ ಮನೆಯವರಿಗೆ ನಾನು ಹೇಳುವುದಿಷ್ಟು. ಪೂಜೆ, ತಿಥಿ ಇದ್ದರೆ ವಾರ ಮೊದಲೇ ಸಿಲಿಂಡರ್ ತರಿಸಿ. ಒಳಗೆ ಬರುವುದು ಬೇಡವಾದರೆ ಯಾರೇ ಬಂದರೂ ಬೇಡ, “ಇವತ್ತು ಮನೆಯಲ್ಲಿ ಕಾರ್ಯ ಇದೆ, ಇಲ್ಲೇ ನೋಡಿಕೊಡಿ” ಎಂದರೆ ಸಾಕು. ಹೆಸರು, ಜಾತಿ ಕೇಳಬೇಡಿ, ಏಕವಚನ ಬೇಡ. ಕೋಡ್ ಮೊದಲೇ ತೆಗೆದಿಟ್ಟಿರಿ, ಕಾಯಿಸಬೇಡಿ. ಕೆಲಸ ಕೆಟ್ಟಿದ್ದರೆ ದೂರು ಕೊಡಿ. ಗ್ಯಾಸ್ ಸೋರಿಕೆಗೆ 1906 ಸಹಾಯವಾಣಿ ಇದೆ. ಅವರ ಹುಟ್ಟಿನ ಮೇಲೆ ದೂರು ಕೊಡಬೇಡಿ.

ಚಿಕ್ಕಪ್ಪನ ದೂರನ್ನು ತೆಗೆದುಹಾಕಿ ಎಂದು ಏಜೆನ್ಸಿಗೆ ಸಹಿ ಹಾಕಿ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಬರುವ ತನಕ ಹೋಗಿ ಕೇಳುತ್ತಲೇ ಇರುತ್ತೇನೆ.