ತೊಟ್ಟಿಗೆ ಯಾವ ಲೋರಾ ಮಾಡ್ಯೂಲ್? ಒಂದು ಕಾಮರ್ಸ್ ಲೆಕ್ಕ

ವಿಜ್ಞಾನ ವಿಭಾಗದ ಗೆಳೆಯರು ನಗಬಾರದು. ಇದು ಕಾಮರ್ಸ್ ವಿದ್ಯಾರ್ಥಿ ಬರೆದ ರೇಡಿಯೊ ಪಾಠ.

ತುರುವೇಕೆರೆ ಕಡೆ ನಮ್ಮ ಮಾಮು ಒಂದು ತೆಂಗಿನ ತೋಟ ಗುತ್ತಿಗೆಗೆ ಮಾಡುತ್ತಿದ್ದಾರೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂದರೆ ಮೋಟಾರು ತಾನಾಗಿ ಶುರುವಾಗುತ್ತದೆ. ತೊಟ್ಟಿ ತುಂಬಿತೇ ಎಂದು ನೋಡಲು ಮಾಮು ಟಾರ್ಚ್ ಹಿಡಿದು ಎರಡು ಮೂರು ಸಲ ಒಂದೂವರೆ ಕಿಲೋಮೀಟರ್ ನಡೆಯಬೇಕು. ಚಿರತೆ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಅವರು ವಾಪಸ್ ಬರುವ ತನಕ ಮುಮಾನಿ ಮಲಗುವುದಿಲ್ಲ.

ತುಂಬಿದ ಸುದ್ದಿ ಮನೆಗೇ ಬರಲಿ ಎಂದು ನಾನೂ ಪಿಸಿಎಂಸಿ ಓದುವ ಗೆಳೆಯನೂ ಹೊರಟೆವು. ತೊಟ್ಟಿ ಇರುವ ದಿಣ್ಣೆಯಲ್ಲಿ ಕರೆಂಟ್ ಇಲ್ಲ, ಬ್ಯಾಟರಿಯೇ ಗತಿ. ವೈಫೈ ಅಷ್ಟು ದೂರ ಬಾರದು. ಸಿಮ್ ಹಾಕಿದರೆ ಪ್ರತಿ ತಿಂಗಳು ರೀಚಾರ್ಜ್. ಉಳಿದದ್ದು ಲೋರಾ: ನಾಲ್ಕಾರು ಅಕ್ಷರಗಳನ್ನು ನಿಧಾನವಾಗಿ, ಆದರೆ ಬಹುದೂರ ಕಳುಹಿಸುವ ರೇಡಿಯೊ.

ಮೊದಲು ತರಿಸಿದ್ದು ಅಗ್ಗವೆಂದು 433 ಮೆಗಾಹರ್ಟ್ಸ್‌ನದು. ನಮ್ಮ ದೇಶದಲ್ಲಿ ಲೋರಾಗೆ ಬಳಸುವ, ಪರವಾನಗಿ ಬೇಡದ ತರಂಗ ಪಟ್ಟಿ 865ರಿಂದ 868 ಮೆಗಾಹರ್ಟ್ಸ್ ಎಂದು ಆಮೇಲೆ ತಿಳಿಯಿತು. ಆ ದುಡ್ಡು ಹೋಯಿತು. ಆದ್ದರಿಂದ ಕೊಳ್ಳುವ ಮೊದಲು 868 ಎಂದು ಬರೆದಿದೆಯೇ ನೋಡಿ. ಅದೇ ಮಾಡ್ಯೂಲನ್ನು ಪ್ರೋಗ್ರಾಮಿನಲ್ಲಿ 866ಕ್ಕೆ ಹೊಂದಿಸಬಹುದು. ಆಂಟೆನಾ ಸಿಕ್ಕಿಸದೆ ಸಂದೇಶ ಕಳುಹಿಸಬೇಡಿ, ಚಿಪ್ ಕೆಡಬಹುದು.

ಎರಡನೆಯದು ಸರಿಯಾದ ಮಾಡ್ಯೂಲೇ. ಆದರೂ ಹತ್ತು ದಿನಕ್ಕೆ ಬ್ಯಾಟರಿ ಸತ್ತಿತು. "ವಾರ ವಾರ ಸೆಲ್ ಬದಲಾಯಿಸೋಕೆ ಹೋಗೋದಾದ್ರೆ ನೀರು ನೋಡೋಕೇ ಹೋಗ್ತೀನಲ್ಲ ಬೇಟಾ" ಎಂದರು ಮಾಮು.

ಇಲ್ಲಿ ನನ್ನ ಎಕನಾಮಿಕ್ಸ್ ಕೆಲಸಕ್ಕೆ ಬಂತು. ಸಂದೇಶ ಕಳುಹಿಸಲು ಆಗುವುದು ಬದಲಾಗುವ ವೆಚ್ಚ. ಮಲಗಿರುವಾಗಲೂ ಸೋರುವ ಕರೆಂಟ್ ಸ್ಥಿರ ವೆಚ್ಚ, ಬಾಗಿಲು ಹಾಕಿದ ಅಂಗಡಿಯ ಬಾಡಿಗೆಯಂತೆ. ಕಳುಹಿಸುವಾಗ ಮಾಡ್ಯೂಲ್ 120 ಮಿಲಿಆಂಪ್ ಎಳೆಯುತ್ತದೆ ಎಂದು ಓದಿ ನಾವು ಹೆದರಿದ್ದೆವು. ಲೋರಾದಲ್ಲಿ ಮಾತನ್ನು ಎಷ್ಟು ಎಳೆದು ಹೇಳಬೇಕು ಎಂಬುದಕ್ಕೆ 7ರಿಂದ 12ರವರೆಗೆ ಮೆಟ್ಟಿಲುಗಳಿವೆ. ಹತ್ತು ಬೈಟಿನ ಸಂದೇಶಕ್ಕೆ 7ರಲ್ಲಿ ಸುಮಾರು 40 ಮಿಲಿಸೆಕೆಂಡ್, 12ರಲ್ಲಿ ಸುಮಾರು 1 ಸೆಕೆಂಡ್. ದುಬಾರಿಯಾದ 12ನ್ನೇ ಹಿಡಿಯೋಣ. ಕಾಲು ಗಂಟೆಗೊಂದರಂತೆ ದಿನಕ್ಕೆ 96 ಸಂದೇಶ, ಅಂದರೆ 96 ಸೆಕೆಂಡ್: 3.2 ಮಿಲಿಆಂಪ್‌ಅವರ್. ಇಷ್ಟೇ!

ಕಳ್ಳ ಬೇರೆ ಇದ್ದ. ಬೋರ್ಡಿನ ಮೇಲೆ ಸದಾ ಉರಿಯುವ ಕೆಂಪು ದೀಪ ಮತ್ತು ಹಳೇ ಮಾದರಿಯ ವೋಲ್ಟೇಜ್ ರೆಗ್ಯುಲೇಟರ್ ಸೇರಿ ಸುಮಾರು 10 ಮಿಲಿಆಂಪ್ ತಿನ್ನುತ್ತಿದ್ದವು. ದಿನಕ್ಕೆ 240! ನಮ್ಮ ಸೆಲ್ಲು 2500 ಮಿಲಿಆಂಪ್‌ಅವರ್‌ನದು. ಭಾಗಿಸಿ ನೋಡಿ, ಅದೇ ಹತ್ತು ದಿನ. ದೀಪ ಕಿತ್ತು, ತಾನೇ ಬಹಳ ಕಡಿಮೆ ತಿನ್ನುವ ರೆಗ್ಯುಲೇಟರ್ ಹಾಕಿದ ಮೇಲೆ ಮಲಗಿದಾಗಿನ ಖರ್ಚು 10 ಮೈಕ್ರೊಆಂಪ್‌ಗೆ ಇಳಿಯಿತು, ದಿನಕ್ಕೆ 0.24. ಒಟ್ಟು 3.44 ಆದರೆ ಕಾಗದದ ಮೇಲೆ ಸುಮಾರು ಎರಡು ವರ್ಷ. ಬಿಸಿಲು, ಸೆಲ್ಲಿನ ವಯಸ್ಸು ಎಂದು ಅರ್ಧ ಕಳೆದರೂ ಒಂದು ವರ್ಷ.

ಇನ್ನು ಚಿಪ್ಪು. ಹಳೆಯ ಎಸ್‌ಎಕ್ಸ್ 1276, ಹೊಸ ಎಸ್‌ಎಕ್ಸ್ 1262, ಎರಡೂ ಮಲಗಿದಾಗ ಒಂದು ಮೈಕ್ರೊಆಂಪ್‌ಗಿಂತ ಕಡಿಮೆ ಕೇಳುತ್ತವೆ. ವ್ಯತ್ಯಾಸ ಮುಖ್ಯವಾಗಿ ಕಿವಿಗೊಟ್ಟು ಕೂತಾಗ: ಹಳೆಯದಕ್ಕೆ 10 ಮಿಲಿಆಂಪ್ ಮೇಲೆ, ಹೊಸದಕ್ಕೆ ಸುಮಾರು 5. ನಮ್ಮ ತೊಟ್ಟಿ ಹೇಳುತ್ತದೆ, ಕೇಳುವುದಿಲ್ಲ. ಕೇಳುವ ಡಬ್ಬಿ ಮನೆಯ ಪ್ಲಗ್ಗಿನಲ್ಲಿದೆ. ಹಾಗಾಗಿ ಹೆಚ್ಚು ದುಡ್ಡು ಕೊಡದೆ ಹಳೆಯದನ್ನೇ ಇಟ್ಟುಕೊಂಡೆವು.

ಮರಗಳ ನಡುವೆ 7ರಲ್ಲಿ ಸಂದೇಶಗಳು ತಪ್ಪುತ್ತಿದ್ದವು, 10ಕ್ಕೆ ಏರಿಸಿದ ಮೇಲೆ ಬಂದವು. ಮೊದಲ ವಾರ ಮಾಮು ಬಜರ್ ನಂಬದೆ ಆದರೂ ಹೋಗಿ ನೋಡಿ ಬಂದರು. ಈಗ ಅದು ಕೂಗಿದ ಮೇಲೆ ಮೋಟಾರು ನಿಲ್ಲಿಸಲು ಒಂದೇ ಸಲ ಹೋಗುತ್ತಾರೆ. ಆ ಒಂದು ಸಲವನ್ನೂ ತಪ್ಪಿಸಲು ಸ್ಟಾರ್ಟರ್ ಪೆಟ್ಟಿಗೆಗೆ ಕೇಳುವ ಮಾಡ್ಯೂಲ್ ಹಾಕಬೇಕು. ಅದರ ಲೆಕ್ಕ ಪರೀಕ್ಷೆ ಮುಗಿದ ಮೇಲೆ.